ದೆಹಲಿಗೆ ಹೋಗಬೇಕಾ, ಮೈಸೂರಲ್ಲೇ ಇದ್ದು ಓದಬಹುದಾ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಪಾಂಡವಪುರದ ಹತ್ತಿರ ನಮ್ಮ ಹಳ್ಳಿ. 2018ರಲ್ಲಿ ಕಿರ್ಗಿಸ್ತಾನಕ್ಕೆ ಎಂಬಿಬಿಎಸ್ ಓದಲು ಹೋಗಿ 2024ರಲ್ಲಿ ಮುಗಿಸಿ ಬಂದೆ. ಹೊರದೇಶದಲ್ಲಿ ಎಂಬಿಬಿಎಸ್ ಓದಿದವರು ಇಲ್ಲಿ ಡಾಕ್ಟರಾಗಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆ ಎರಡು ಸಲ ಬರೆದೆ. ಮೊದಲ ಸಲ 119, ಎರಡನೇ ಸಲ 138 ಬಂತು. ಜೊತೆಗೆ ಓದಿದ ಇಬ್ಬರು ಗೆಳತಿಯರು ದೆಹಲಿಯ ಗೌತಮ್ ನಗರದಲ್ಲಿ ರೂಮು ಮಾಡಿ ಕೋಚಿಂಗ್‌ಗೆ ಸೇರಿದ್ದಾರೆ. ನೀನೂ ಬಾ ಅಂತಾರೆ. ಆರು ತಿಂಗಳಿಗೆ ಎಲ್ಲಾ ಸೇರಿ ಮೂರು ಲಕ್ಷ ಆಗುತ್ತದಂತೆ. ಅಪ್ಪ ಕಬ್ಬು ಬೆಳೆಯುತ್ತಾರೆ. ನನ್ನ ಓದಿಗೆ ಮಾಡಿದ ಸಾಲವೇ ಇನ್ನೂ ತೀರಿಲ್ಲ, ಆದರೂ ಇನ್ನೊಂದು ಎಕರೆ ಅಡವಿಟ್ಟಾದರೂ ಕಳಿಸ್ತೀನಿ ಅಂತಿದ್ದಾರೆ. ಮನೆಯಲ್ಲಿ ಓದೋಕೆ ಆಗ್ತಿಲ್ಲ. ಬಂದವರೆಲ್ಲ 'ಇನ್ನೂ ಪಾಸಾಗ್ಲಿಲ್ವಾ' ಅಂತ ಕೇಳ್ತಾರೆ. ದೆಹಲಿಗೆ ಹೋಗಲಾ, ಬೆಂಗಳೂರಿಗಾ, ಅಥವಾ ಮೈಸೂರು ಸಾಕಾ? ಹೋದರೆ ಅಲ್ಲಿ ಹೇಗಿರಬೇಕು?

ಉತ್ತರ: ನೀನು ನನ್ನ ಕೊನೆಯ ತಂಗಿಯ ವಯಸ್ಸಿನವಳು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನೂ ಮಂಡ್ಯ ಜಿಲ್ಲೆಯವಳೇ, ನಾಗಮಂಗಲದ ಕಡೆ. ರಷ್ಯಾದಲ್ಲಿ ಓದಿ ಬಂದು ಎರಡು ಸಲ ಫೇಲಾಗಿ 2018ರಲ್ಲಿ ಮೂರನೇ ಸಲಕ್ಕೆ ಪಾಸಾದವಳು. ಆ ಮೂರನೇ ಸಲದ ಮೊದಲು ಐದು ತಿಂಗಳು ನಿನ್ನ ಗೆಳತಿಯರಿರುವ ಗೌತಮ್ ನಗರದಲ್ಲೇ ಇದ್ದೆ. ಈಗ ಮೈಸೂರಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ, ಭಾನುವಾರ ಈ ಪರೀಕ್ಷೆ ಬರೆಯುವ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇನೆ. ನಿನ್ನ ಪ್ರಶ್ನೆಗೆ ನೇರ ಉತ್ತರ ಇಷ್ಟು: ದೆಹಲಿಗೆ ಹೋಗಬೇಡ, ಮೈಸೂರಿಗೆ ಬಂದು ರೂಮು ಮಾಡು, ಗದ್ದೆ ಅಡವಿಡಿಸಬೇಡ. ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 119 ಬಂದಾಗ ನೀನು ಇದೇ ಪ್ರಶ್ನೆ ಕೇಳಿದ್ದರೆ ನಾನು ಬೇರೆಯೇ ಹೇಳುತ್ತಿದ್ದೆ.

ಮೊದಲು ನಿನ್ನ 138 ನೋಡೋಣ. 300 ಪ್ರಶ್ನೆ, 150 ಬಂದರೆ ಪಾಸು. ನಿನಗೆ ಕಡಿಮೆ ಬಿದ್ದಿರುವುದು 12 ಪ್ರಶ್ನೆ. ಇತ್ತೀಚಿನ ವರ್ಷಗಳಲ್ಲಿ ಈ ಪರೀಕ್ಷೆ ಬರೆದವರಲ್ಲಿ ಹೆಚ್ಚುಕಡಿಮೆ ಐವರಿಗೆ ಒಬ್ಬರು ಪಾಸಾಗುತ್ತಿದ್ದಾರೆ. ಆ ಗುಂಪಿನಲ್ಲಿ 138 ಅಂದರೆ ನಿನಗೆ ಬೇಸಿಕ್ ಇದೆ ಅಂತ ಅರ್ಥ. ಅನಾಟಮಿಯಿಂದ ಶುರುಮಾಡಿ 19 ವಿಷಯವನ್ನೂ ಮತ್ತೆ ತರಗತಿಯಲ್ಲಿ ಕೂತು ಕೇಳುವ ಅಗತ್ಯ ನಿನಗಿಲ್ಲ. ಗೌತಮ್ ನಗರದಲ್ಲಿ ಮಾರುವುದು ಮುಖ್ಯವಾಗಿ ಅದನ್ನೇ. ಬೆಳಗ್ಗಿನಿಂದ ಸಂಜೆವರೆಗೆ ಪಾಠ, ದಪ್ಪದಪ್ಪ ನೋಟ್ಸು. ಪಾಠ ಕೇಳಿದ ದಿನ ಓದಿದ ಹಾಗೆ ಅನ್ನಿಸುತ್ತೆ. ರಾತ್ರಿ ರೂಮಿಗೆ ಬಂದರೆ ಒಂದೂ ಪ್ರಶ್ನೆ ಬಿಡಿಸಿರುವುದಿಲ್ಲ.

ನಿನ್ನ ಅಂಕ ಎಲ್ಲಿ ಸೋರಿತು ಅನ್ನುವುದು ಸ್ಕೋರ್ ಕಾರ್ಡ್ ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಈ ವಾರವೇ, ಏನೂ ಓದದೆ, ಒಂದು ಪೂರ್ತಿ ಗ್ರ್ಯಾಂಡ್ ಟೆಸ್ಟ್, ಅಂದರೆ ನಿಜ ಪರೀಕ್ಷೆಯ ಹಾಗೇ ಇರುವ ಅಣಕು ಪರೀಕ್ಷೆ, ಬರಿ. 150 ಪ್ರಶ್ನೆ 150 ನಿಮಿಷ, ಊಟದ ನಂತರ ಮತ್ತೆ 150 ಪ್ರಶ್ನೆ 150 ನಿಮಿಷ. ಆಮೇಲೆ ತಪ್ಪಾದ ಒಂದೊಂದು ಪ್ರಶ್ನೆಯನ್ನೂ ತೆಗೆದು ಅದರ ಪಕ್ಕದಲ್ಲಿ ಬರಿ: ಗೊತ್ತೇ ಇರಲಿಲ್ಲವಾ, ಗೊತ್ತಿದ್ದೂ ಮರೆತೆಯಾ, ಅಥವಾ ಅವಸರದಲ್ಲಿ 'ಅಲ್ಲ' ಅನ್ನುವ ಪದ ನೋಡದೆ ಹೋದೆಯಾ. 130 ದಾಟಿದವರಲ್ಲಿ ಎರಡನೆಯದೂ ಮೂರನೆಯದೂ ಸೇರಿದರೆ ಮೊದಲನೆಯದಕ್ಕಿಂತ ಜಾಸ್ತಿ ಇರುವುದನ್ನು ನಾನು ಪ್ರತಿ ಬ್ಯಾಚಿನಲ್ಲೂ ಕಂಡಿದ್ದೇನೆ. ಮರೆವಿಗೂ ಅವಸರಕ್ಕೂ ದೆಹಲಿಯಲ್ಲಿ ಬೇರೆ ಔಷಧಿ ಇಲ್ಲ.

ಇನ್ನು ಅಂಕ ಎಲ್ಲಿ ಸುಲಭವಾಗಿ ಸಿಗುತ್ತದೆ ಅನ್ನುವುದು. ಮೆಡಿಸಿನ್ 33, ಸರ್ಜರಿ 32, ಹೆರಿಗೆ ಮತ್ತು ಸ್ತ್ರೀರೋಗ 30 ಅಂತ ಎಲ್ಲರೂ ಅವುಗಳ ಹಿಂದೆ ಬೀಳುತ್ತಾರೆ. ಕಣ್ಣು 15, ಇಎನ್‌ಟಿ 15, ಮಕ್ಕಳ ವಿಭಾಗ 15, ಫೊರೆನ್ಸಿಕ್ 10. ಇವು ಚಿಕ್ಕ ಪುಸ್ತಕಗಳು, ಹತ್ತು ಹನ್ನೆರಡು ದಿನಕ್ಕೊಂದು ಮುಗಿಯುತ್ತವೆ. ನಮ್ಮಂಥ ಹೊರದೇಶದಲ್ಲಿ ಓದಿದವರು ಅತಿ ಹೆಚ್ಚು ಕಳೆದುಕೊಳ್ಳುವುದು ಕಮ್ಯುನಿಟಿ ಮೆಡಿಸಿನ್‌ನಲ್ಲಿ, ಪಿಎಸ್‌ಎಂ ಅಂತೀವಲ್ಲ ಅದರಲ್ಲಿ. ಅದಕ್ಕೂ 30 ಅಂಕ ಇದೆ. ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಾಗಲಿ ನಾನು ಓದಿದ ಊರಲ್ಲಾಗಲಿ ನಮ್ಮ ದೇಶದ ಲಸಿಕಾ ಪಟ್ಟಿ, ಟಿಬಿ ಕಾರ್ಯಕ್ರಮ, ಉಪಕೇಂದ್ರಕ್ಕೆ ಎಷ್ಟು ಜನಸಂಖ್ಯೆ ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಇಲ್ಲಿಗೆ ಬಂದ ಮೇಲೆ ನಾವು ಅದನ್ನು ಕೋಷ್ಟಕದ ಹಾಗೆ ಬಾಯಿಪಾಠ ಮಾಡುತ್ತೇವೆ, ಹದಿನೈದು ದಿನಕ್ಕೆ ಮರೆಯುತ್ತೇವೆ.

ನನಗೆ ಆ ಮೂವತ್ತು ಅಂಕದ ದಾರಿ ಸಿಕ್ಕಿದ್ದು ದೆಹಲಿಯಲ್ಲಲ್ಲ, ನಮ್ಮೂರ ಆರೋಗ್ಯ ಕೇಂದ್ರದಲ್ಲಿ. ಎರಡನೇ ಸಲ ಫೇಲಾಗಿ ಊರಲ್ಲಿ ಸುಮ್ಮನೆ ಕೂತಿದ್ದಾಗ ಒಂದು ಗುರುವಾರ ಅಕ್ಕನ ಮಗುವಿಗೆ ಲಸಿಕೆ ಹಾಕಿಸಲು ಹೋದೆ. ಮಗುವಿಗೆ ಒಂಬತ್ತು ತಿಂಗಳು ತುಂಬಿತ್ತು. ಸಿಸ್ಟರ್ ವ್ಯಾಕ್ಸಿನ್ ಕ್ಯಾರಿಯರ್ ತೆಗೆದರು. ಒಳಗೆ ನಾಲ್ಕು ಗೋಡೆಗೂ ನಾಲ್ಕು ಐಸ್‌ಪ್ಯಾಕ್, ನಡುವೆ ಲಸಿಕೆ ಬಾಟಲಿಗಳು. ದಡಾರ ರುಬೆಲ್ಲಾದ ಬಾಟಲಿ ಎತ್ತಿ, ಬಿಸಿ ತಗುಲಿ ಲಸಿಕೆ ಕೆಟ್ಟಿದೆಯಾ ಅಂತ ತಿಳಿಸುವ ಮುಚ್ಚಳದ ಮೇಲಿನ ಗುರುತು ನನಗೆ ತೋರಿಸಿದರು. 'ನೋಡಿ ಡಾಕ್ಟ್ರಮ್ಮ, ಒಳಗಿನ ಚೌಕ ಸುತ್ತಲಿನ ವೃತ್ತಕ್ಕಿಂತ ಬೆಳ್ಳಗಿದೆ, ಹಾಕಬಹುದು. ಎರಡೂ ಒಂದೇ ಬಣ್ಣ ಆಗಿದ್ರೆ ಎಸೀಬೇಕು.' ಮುಚ್ಚಳ ತೆಗೆದು ಪುಡಿಗೆ ದ್ರಾವಣ ಬೆರೆಸಿ ಬಾಟಲಿ ಮೇಲೆ ಪೆನ್ನಲ್ಲಿ ಗಂಟೆ ಬರೆದರು. ಯಾಕೆ ಅಂದೆ. 'ಗುರುತು ಮುಚ್ಚಳದ ಜೊತೆ ಹೋಯ್ತಲ್ಲ, ಇನ್ನು ನಾಲ್ಕು ಗಂಟೆಯೊಳಗೆ ಮುಗಿಸ್ಬೇಕು. ಐದು ರೋಗಕ್ಕೆ ಒಟ್ಟಿಗೆ ಹಾಕೋ ಪೆಂಟಾ ಲಸಿಕೆ ಆದ್ರೆ ಗುರುತು ಬಾಟಲಿ ಮೈಮೇಲಿರುತ್ತೆ, ಸರಿಯಾಗಿ ಇಟ್ರೆ ತೆರೆದ ಮೇಲೂ 28 ದಿನ ಬರುತ್ತೆ.' ಮಗುವಿಗೆ ಬಲತೋಳಿಗೆ ಚುಚ್ಚಿ, ಚಮಚದಲ್ಲಿ ವಿಟಮಿನ್ ಎ ಕುಡಿಸಿದರು. ತೆರೆದ ಬಾಟಲಿಯನ್ನು ಎಷ್ಟು ದಿನ ಬಳಸಬಹುದು ಅನ್ನುವ ನಿಯಮ, ಓಪನ್ ವಯಲ್ ಪಾಲಿಸಿ ಅಂತ ನಾನು ಆರು ಸಲ ಓದಿ ಆರು ಸಲ ಮರೆತಿದ್ದ ಪುಟ ಅದು. ಆ ದಿನದಿಂದ ಇವತ್ತಿನವರೆಗೆ ಮರೆತಿಲ್ಲ.

ಆಮೇಲೆ ನಾಲ್ಕು ಗುರುವಾರ ಸುಮ್ಮನೆ ಹೋಗಿ ಅಲ್ಲೇ ಕೂತೆ. ಲಸಿಕೆ ಇಡುವ ಫ್ರಿಜ್, ಐಎಲ್‌ಆರ್ ಅಂತೀವಲ್ಲ, ಅದರ ಒಳಗಿನ ಥರ್ಮಾಮೀಟರ್ ನೋಡಿದೆ, 2ರಿಂದ 8 ಡಿಗ್ರಿಯೊಳಗೆ ಇರಬೇಕು ಅನ್ನುವುದು ಕಣ್ಣಲ್ಲಿ ಕೂತಿತು. ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋದೆ. ಸಾವಿರ ಜನಕ್ಕೆ ಒಬ್ಬ ಆಶಾ, ಬಯಲುಸೀಮೆಯಲ್ಲಿ ಐದು ಸಾವಿರಕ್ಕೆ ಒಂದು ಉಪಕೇಂದ್ರ, ಮೂವತ್ತು ಸಾವಿರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಬೆಟ್ಟಗುಡ್ಡದ ಕಡೆಯಾದರೆ ಮೂರು ಸಾವಿರ ಮತ್ತು ಇಪ್ಪತ್ತು ಸಾವಿರ. ಈ ಅಂಕಿಗಳೆಲ್ಲ ನಮ್ಮ ಹೋಬಳಿಯ ಊರುಗಳ ಹೆಸರಿನ ಜೊತೆ ಅಂಟಿಕೊಂಡವು. ತಂಗಿ, ನಿನ್ನ ಹನ್ನೆರಡು ಪ್ರಶ್ನೆಯಲ್ಲಿ ಅರ್ಧದಷ್ಟು ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲೇ ಇರಬಹುದು. ವೈದ್ಯಾಧಿಕಾರಿಗಳನ್ನು ಮುಂಚೆಯೇ ಕಂಡು, ಎಫ್‌ಎಂಜಿಇಗೆ ಓದುತ್ತಿದ್ದೇನೆ, ಗುರುವಾರ ಬಂದು ನೋಡಬಹುದಾ ಅಂತ ಕೇಳು. ರೋಗಿಯನ್ನು ಮುಟ್ಟಬೇಡ, ಸೂಜಿ ಹಿಡಿಯಬೇಡ, ನಿನಗಿನ್ನೂ ನೋಂದಣಿ ಆಗಿಲ್ಲ. ನೋಡುವುದಕ್ಕೆ ಮಾತ್ರ ಹೋಗು.

ಈಗ ದೆಹಲಿಯ ವಿಷಯ. ದೆಹಲಿಯಲ್ಲಿ ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಗೌತಮ್ ನಗರ ಏಮ್ಸ್‌ನ ಮಗ್ಗುಲಲ್ಲೇ ಇದೆ, ಹತ್ತಿರದ ಮೆಟ್ರೋ ಗ್ರೀನ್ ಪಾರ್ಕ್. ಬೀದಿಬೀದಿಯಲ್ಲಿ ಮೆಡಿಕಲ್ ಪುಸ್ತಕದಂಗಡಿ, ರಾತ್ರಿ ಎರಡಕ್ಕೂ ದೀಪ ಉರಿಯುವ ಲೈಬ್ರರಿಗಳು, ಟೀ ಅಂಗಡಿ ಮುಂದೆ ನಿಂತವರೆಲ್ಲ ಮಾತಾಡುವುದು ಇದೇ ಪರೀಕ್ಷೆಯ ಬಗ್ಗೆ. ಊರಲ್ಲಿ ನೀನೊಬ್ಬಳೇ ಫೇಲಾದವಳು. ಅಲ್ಲಿ ನಾಲ್ಕು ಸಲ ಬರೆದವರೂ ಪಕ್ಕದ ಕುರ್ಚಿಯಲ್ಲಿರುತ್ತಾರೆ. ಆ ಸಮಾಧಾನ ನನಗೂ ಆಗ ಬೇಕಿತ್ತು, ಅದನ್ನು ಹಗುರವಾಗಿ ಮಾತಾಡಲಾರೆ. ಆದರೆ ಐದು ತಿಂಗಳ ಲೆಕ್ಕ ತೆಗೆದರೆ ಹೀಗಿದೆ. ನಾನು ಸೇರಿದ ಕೋಚಿಂಗ್ ಸೆಂಟರ್‌ನಲ್ಲಿ ತಡವಾಗಿ ಸೇರಿದವರಿಗೆ ಜಾಗ ಸಿಕ್ಕಿದ್ದು ಹಿಂದಿನ ಸಾಲಿನಲ್ಲಿ. ಮೇಷ್ಟ್ರು ಕಾಣುತ್ತಿರಲಿಲ್ಲ, ಟಿವಿ ಪರದೆಯಲ್ಲಿ ಅವರ ಮುಖ ನೋಡುತ್ತಿದ್ದೆವು. ಊರಿಂದ ಎರಡು ಸಾವಿರ ಕಿಲೋಮೀಟರ್ ದೂರ ಹೋಗಿ ಮತ್ತೆ ಪರದೆಯನ್ನೇ ನೋಡಿದ ಹಾಗಾಯಿತು. ಬಿಟ್ಟುಬಿಡ್ತೀನಿ ಅಂದರೆ ಫೀಸು ವಾಪಸಿಲ್ಲ. ಎರಡನೇ ತಿಂಗಳಲ್ಲಿ ನೀರಿನಿಂದ ಜಾಂಡಿಸ್ ಬಂತು. ಮೂರು ವಾರ ಮಲಗಿದೆ, ಅಮ್ಮ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ಕೂತು ಬಂದರು. ನಮ್ಮಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರಲ್ಲ. ಗಂಜಿ ಕಾಯಿಸಲು ಮನೆ ಓನರ್ ಹತ್ತಿರ ಒಲೆ ಕೇಳುವುದಕ್ಕೆ ಅವರು ಕೈಸನ್ನೆ ಮಾಡುತ್ತಿದ್ದುದು ಇವತ್ತಿಗೂ ಕಣ್ಣಮುಂದಿದೆ.

ನನ್ನನ್ನು ಪಾಸು ಮಾಡಿಸಿದ್ದು ಅಲ್ಲಿಯ ತರಗತಿಯಲ್ಲ. ರೂಮಿನಲ್ಲಿ ಜೊತೆಗಿದ್ದ ಕೇರಳದ ಹುಡುಗಿ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಅವಳು ಪ್ರಶ್ನೆ ಗಟ್ಟಿಯಾಗಿ ಓದುವುದು, ನಾನು ಉತ್ತರದ ಜೊತೆಗೆ ಉಳಿದ ಮೂರು ಯಾಕೆ ತಪ್ಪು ಅಂತಲೂ ಹೇಳುವುದು, ಆಮೇಲೆ ಸರದಿ ಬದಲು. ದಿನಕ್ಕೆ ಐವತ್ತು ಪ್ರಶ್ನೆ. ನಾನು ಹಾಸಿಗೆ ಹಿಡಿದ ದಿನಗಳಲ್ಲೂ ಅವಳು ಪಕ್ಕದಲ್ಲಿ ಕೂತು ಓದಿ ಹೇಳಿದಳು. ಅಂಥ ಒಬ್ಬಳು ಜೊತೆಗಾತಿ ಸಿಕ್ಕರೆ ಮೈಸೂರೂ ಸಾಕು, ಸಿಗದಿದ್ದರೆ ದೆಹಲಿಯೂ ಸಾಲದು ಅಂತ ನನ್ನ ನಂಬಿಕೆ. ನಿನ್ನ ಗೆಳತಿಯರು ಅಲ್ಲಿದ್ದರೇನಂತೆ, ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಇದೇ ಕೆಲಸ ಮಾಡಬಹುದು. ಅವರು ಒಪ್ಪುತ್ತಾರಾ ಕೇಳಿ ನೋಡು.

ಹಾಗಾದರೆ ದೆಹಲಿ ಯಾರಿಗೆ? ಮೊದಲ ಸಲ ನೂರರ ಕೆಳಗೆ ಬಂದವರಿಗೆ, ಆರು ವರ್ಷದಲ್ಲಿ ಅರ್ಧ ಓದು ಕೋವಿಡ್‌ನಲ್ಲೇ ಕಳೆದುಹೋದವರಿಗೆ, ಒಬ್ಬರೇ ಕೂತರೆ ಪುಟ ತಿರುಗದವರಿಗೆ ಯಾರಾದರೂ ಎದುರು ನಿಂತು ಪಾಠ ಮಾಡುವುದು ನಿಜಕ್ಕೂ ಬೇಕು. ಅಂಥವರು ಹೋಗಲಿ. ಹೋಗುವವರಿಗೆ ಒಂದೇ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ನೆಲಮಾಳಿಗೆಯ ಲೈಬ್ರರಿಗೆ ಸೇರಬೇಡಿ, ಎಷ್ಟೇ ಅಗ್ಗವಾದರೂ. 2024ರ ಜುಲೈ 27ರಂದು ಓಲ್ಡ್ ರಾಜಿಂದರ್ ನಗರದಲ್ಲಿ ಮಳೆನೀರು ನುಗ್ಗಿ ಐಎಎಸ್‌ಗೆ ಓದುತ್ತಿದ್ದ ಮೂವರು ಮಕ್ಕಳು ಸತ್ತದ್ದು ಅಂಥದೇ ನೆಲಮಾಳಿಗೆಯಲ್ಲಿ. ಮೇಲಿನ ಮಹಡಿಯಾದರೂ ಕೆಳಗಿಳಿಯಲು ಎರಡನೇ ದಾರಿ ಇದೆಯಾ ನೋಡಿಯೇ ದುಡ್ಡು ಕೊಡಿ.

ಬೆಂಗಳೂರನ್ನು ನಾನು ನಿನಗೆ ಹೇಳುವುದಿಲ್ಲ. ಖರ್ಚು ದೆಹಲಿಯದೇ, ಓಡಾಟ ಅದಕ್ಕಿಂತ ಜಾಸ್ತಿ. ಪಿಜಿಗಳಲ್ಲಿ ಬಹಳಷ್ಟು ಕೆಲಸಕ್ಕೆ ಹೋಗುವವರಿಗೆಂದು ನಡೆಯುವಂಥವು, ಹಗಲು ಖಾಲಿ, ರಾತ್ರಿ ಹನ್ನೆರಡರವರೆಗೆ ಗದ್ದಲ. ನಿಮ್ಮ ಅಣ್ಣನೋ ಚಿಕ್ಕಮ್ಮನೋ ಅಲ್ಲಿದ್ದು ಒಂದು ಕೋಣೆ ಬಿಟ್ಟುಕೊಡುವುದಾದರೆ ಮಾತು ಬೇರೆ. ಆಗಲೂ ಆ ಮನೆಯ ಮದುವೆ, ಮುಂಜಿ, ಸೀಮಂತಕ್ಕೆಲ್ಲ ನೀನು ಓಡಾಡಬೇಕಾಗುತ್ತಾ ಅಂತ ಮೊದಲೇ ಯೋಚಿಸು.

ಮೈಸೂರು ನಿಮ್ಮೂರಿಗೆ ತೀರ ಹತ್ತಿರ ಅನ್ನಿಸಬಹುದು. ಆ ಹತ್ತಿರವೇ ನಿನಗೆ ಬೇಕಾಗಿರುವುದು. ಪಾಂಡವಪುರ ಸ್ಟೇಷನ್ನಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಮೈಸೂರು. ಬೀದಿಯಲ್ಲಿ ಯಾರೂ ನಿನ್ನ ರಿಸಲ್ಟ್ ಕೇಳುವುದಿಲ್ಲ, ಅಷ್ಟು ದೂರ. ಜ್ವರ ಬಂದರೆ ಸಂಜೆಗೆ ಅಮ್ಮ ಬಂದಿರುತ್ತಾರೆ, ಅಷ್ಟು ಹತ್ತಿರ. ಗುರುವಾರ ಬೆಳಗ್ಗೆ ಹೊರಟು ಆರೋಗ್ಯ ಕೇಂದ್ರ ಮುಗಿಸಿ ಮನೆಯಲ್ಲಿ ಮುದ್ದೆ ಉಪ್ಸಾರು ಉಂಡು ಸಂಜೆಗೆ ವಾಪಸ್ ಬರಬಹುದು. ಪಾಠ ಬೇಕಾದ ವಿಷಯಕ್ಕೆ ಆನ್‌ಲೈನ್ ಇದೆ. ದೆಹಲಿಯಲ್ಲಿ ಹಿಂದಿನ ಸಾಲಿನವರು ಪರದೆಯಲ್ಲಿ ನೋಡುವ ಮೇಷ್ಟ್ರನ್ನೇ ನೀನು ಇಲ್ಲಿ ನೋಡಬಹುದು, ಬೇಡವಾದ ಭಾಗ ಬಿಟ್ಟು ಮುಂದೆ ಹೋಗಬಹುದು.

ರೂಮು ನೋಡುವುದಕ್ಕೆ ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ ಕಡೆ ಬಾ. ನನ್ನ ಹತ್ತಿರ ಓದುವ ಹುಡುಗಿಯರು ಇಬ್ಬರ ರೂಮಿಗೆ ಊಟ ಸೇರಿ ತಿಂಗಳಿಗೆ ಆರರಿಂದ ಎಂಟು ಸಾವಿರ ಕೊಡುತ್ತಿದ್ದಾರೆ. ಪಿಜಿಯನ್ನು ಹಗಲು ಹನ್ನೊಂದು ಗಂಟೆಗೆ ಹೋಗಿ ನೋಡಬೇಡ, ಆ ಹೊತ್ತಿಗೆ ಎಲ್ಲಾ ಪಿಜಿಯೂ ಚೆನ್ನಾಗಿಯೇ ಕಾಣುತ್ತೆ. ರಾತ್ರಿ ಎಂಟಕ್ಕೆ ಹೋಗು. ಆಗ ಎಲ್ಲರೂ ಇರುತ್ತಾರೆ, ಗದ್ದಲ ಎಷ್ಟು ಅಂತ ಗೊತ್ತಾಗುತ್ತೆ. ನಲ್ಲಿ ತಿರುಗಿಸಿ ನೋಡು, ಮೇಲಿನ ಮಹಡಿಗೆ ನೀರು ಬರುತ್ತಾ ಅಂತ. ರೂಮಿನಲ್ಲಿ ಮೇಜು, ಕುರ್ಚಿ ಇದೆಯಾ? ಮಂಚದ ಮೇಲೆ ಕೂತು ಓದ್ಕೋತೀನಿ ಅನ್ನಬೇಡ. ಮೂರನೇ ವಾರಕ್ಕೆ ಬೆನ್ನು ಹಿಡಿಯುತ್ತೆ, ಇಲ್ಲವಾದರೆ ನಿದ್ದೆ ಹಿಡಿಯುತ್ತೆ. ಕಿಟಕಿ ತೆಗೆದರೆ ಆಕಾಶ ಕಾಣಬೇಕು. ಗೌತಮ್ ನಗರದಲ್ಲಿ ನನ್ನ ಕಿಟಕಿಯ ಆಚೆ ಮೂರು ಅಡಿ ದೂರದಲ್ಲಿ ಪಕ್ಕದ ಮನೆ ಗೋಡೆ ಇತ್ತು, ಬೆಳಗಾಗಿದೆಯೋ ಸಂಜೆಯಾಗಿದೆಯೋ ಫೋನ್ ನೋಡಿ ತಿಳಿಯಬೇಕಿತ್ತು. ಮನಸ್ಸು ಕುಗ್ಗಿದ್ದರಲ್ಲಿ ಆ ಗೋಡೆಯ ಪಾಲೂ ಇತ್ತು ಅಂತ ಈಗ ಅನ್ನಿಸುತ್ತೆ. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು, ಇಷ್ಟನ್ನು ಬರವಣಿಗೆಯಲ್ಲಿ ತಗೊ. ದುಡ್ಡು ಫೋನ್‌ಪೇಯಲ್ಲೇ ಕಳಿಸು, ಲೆಕ್ಕ ಉಳಿಯುತ್ತೆ.

ಜೊತೆಗಿರುವವಳು ಯಾರು ಅನ್ನುವುದು ರೂಮಿಗಿಂತ ದೊಡ್ಡ ವಿಷಯ. ಕೆಎಎಸ್‌ಗೋ ನೀಟ್ ಪಿಜಿಗೋ ಬ್ಯಾಂಕ್ ಪರೀಕ್ಷೆಗೋ ಓದುವವಳಾದರೂ ಸರಿ, ಬೆಳಗ್ಗೆ ಏಳುವವಳು ಸಿಕ್ಕಲಿ. ರಾತ್ರಿ ಪಾಳಿ ಕೆಲಸದವಳ ಜೊತೆ ಬೇಡ, ಅವಳಿಗೂ ಕಷ್ಟ ನಿನಗೂ ಕಷ್ಟ. ಹಗಲು ರೂಮಿನಲ್ಲಿ ಕೂರುವುದಕ್ಕಿಂತ ತಿಂಗಳ ಲೆಕ್ಕದ ರೀಡಿಂಗ್ ರೂಮಿಗೆ ಸೇರುವುದು ಒಳ್ಳೆಯದು. ಎದ್ದು, ಸ್ನಾನ ಮಾಡಿ, ಬಟ್ಟೆ ಬದಲಿಸಿ, ಚಪ್ಪಲಿ ಮೆಟ್ಟಿ ಹೊರಟರೆ ಓದುವ ಮನಸ್ಸು ದಾರಿಯಲ್ಲೇ ಅರ್ಧ ಬಂದಿರುತ್ತೆ.

ಇನ್ನು ದಿನಚರಿ. ಪರೀಕ್ಷೆ ಬೆಳಗ್ಗೆ ಒಂದು ಭಾಗ, ಮಧ್ಯಾಹ್ನ ಒಂದು ಭಾಗ ನಡೆಯುತ್ತದೆ. ಹಾಗಾಗಿ ಆ ಹೊತ್ತಿನಲ್ಲೇ ದಿನಾ ಪ್ರಶ್ನೆ ಬಿಡಿಸು, ಪಾಠ ಮತ್ತು ರಿವಿಷನ್ ಬೆಳಗಿನ ಜಾವಕ್ಕೆ, ಸಂಜೆಗೆ ಇಟ್ಟುಕೊ. ನಮ್ಮ ಕಡೆಯವರಿಗೆ ಮಧ್ಯಾಹ್ನ ಅನ್ನ ಉಂಡರೆ ಎರಡು ಗಂಟೆಗೆ ಕಣ್ಣು ಕೂರುತ್ತೆ. ಪರೀಕ್ಷೆಯ ಎರಡನೇ ಭಾಗ ಕೈಕೊಡುವುದು ಆ ಹೊತ್ತಿನಲ್ಲೇ. ನನ್ನ ಎರಡನೇ ಸಲದ ಪರೀಕ್ಷೆಯಲ್ಲಿ ಮಧ್ಯಾಹ್ನದ ಭಾಗದಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಓದಿದ್ದು ನೆನಪಿದೆ. ಮೂರನೇ ಸಲಕ್ಕೆ ಎರಡು ತಿಂಗಳು ಮುಂಚಿನಿಂದ ಮಧ್ಯಾಹ್ನ ಎರಡು ಚಪಾತಿ, ಒಂದು ಲೋಟ ಮಜ್ಜಿಗೆಗೆ ಇಳಿಸಿದೆ, ಆ ಹೊತ್ತಿನಲ್ಲಿ ಮಲಗುವ ಅಭ್ಯಾಸ ಬಿಡಿಸಿಕೊಂಡೆ. ರಾತ್ರಿ ಮಾತ್ರ ಏಳು ಗಂಟೆ ನಿದ್ದೆಗೆ ಒಂದು ದಿನವೂ ಕತ್ತರಿ ಹಾಕಲಿಲ್ಲ. ನಾಲ್ಕು ಗಂಟೆ ಮಲಗಿ ಓದ್ತೀನಿ ಅನ್ನುವವರನ್ನು ನಾನು ನನ್ನ ಭಾನುವಾರದ ಗುಂಪಿನಲ್ಲಿ ಬೈಯುತ್ತೇನೆ, ಮರೆವು ಹೆಚ್ಚುವುದು ನಿದ್ದೆಗೆಟ್ಟಾಗಲೇ.

ಹದಿನೈದು ದಿನಕ್ಕೊಂದು ಗ್ರ್ಯಾಂಡ್ ಟೆಸ್ಟ್, ಕೊನೆಯ ಎರಡು ತಿಂಗಳು ವಾರಕ್ಕೊಂದು. ಅದರ ಮಾರನೇ ದಿನ ಹೊಸದೇನೂ ಓದಬೇಡ, ತಪ್ಪಾದದ್ದನ್ನು ಮಾತ್ರ ನೋಡು. ನೆಗೆಟಿವ್ ಮಾರ್ಕಿಂಗ್ ಇಲ್ಲದ ಪರೀಕ್ಷೆ ಇದು, ಒಂದು ಪ್ರಶ್ನೆಯೂ ಖಾಲಿ ಬಿಡಕೂಡದು. ಇದು ಎಲ್ಲರಿಗೂ ಗೊತ್ತಿರುವ ಮಾತೇ, ಆದರೂ ಸಮಯ ಸಾಲದೆ ಕೊನೆಯ ಏಳೆಂಟು ಬಿಟ್ಟು ಬಂದೆ ಅನ್ನುವವರು ಪ್ರತಿ ಸಲ ಸಿಗುತ್ತಾರೆ. ಪ್ರಶ್ನೆಗೆ ಒಂದೇ ನಿಮಿಷ ಇರುವುದು. ತಿಳಿಯದ್ದಕ್ಕೆ ಏನಾದರೊಂದು ಗುರುತು ಹಾಕಿ ಮುಂದೆ ಹೋಗುವುದನ್ನೂ ಟೆಸ್ಟ್‌ಗಳಲ್ಲಿಯೇ ಕೈಗೆ ಕಲಿಸಬೇಕು.

ಫೋನಿನ ಬಗ್ಗೆ ಒಂದು ಎಚ್ಚರಿಕೆ. ಟೆಲಿಗ್ರಾಂ ಗುಂಪುಗಳಲ್ಲಿ ಪರೀಕ್ಷೆ ಹತ್ತಿರ ಬಂದಾಗ ಪ್ರಶ್ನೆಪತ್ರಿಕೆ ಸಿಗುತ್ತೆ, ಇಷ್ಟು ಲಕ್ಷ ಕೊಡಿ ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಹಳೆಯ ಪ್ರಶ್ನೆಗಳನ್ನೇ ಪರೀಕ್ಷೆ ನಡೆಸುವ ಬೋರ್ಡ್ ಹೊರಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವುದೆಲ್ಲ ಬರೆದು ಬಂದವರು ನೆನಪಿನಿಂದ ಹೇಳಿದ್ದು. ಎರಡು ಸಲ ಫೇಲಾದವರ ಅಪ್ಪ ಅಮ್ಮನನ್ನೇ ಹುಡುಕಿ ಫೋನ್ ಮಾಡುವ ದಲ್ಲಾಳಿಗಳೂ ಇದ್ದಾರೆ. ನಿಮ್ಮಪ್ಪನಿಗೆ ಈಗಲೇ ಹೇಳಿಡು, ಅಂಥ ಫೋನ್ ಬಂದರೆ ಇಟ್ಟುಬಿಡಿ ಅಂತ. ಹಾಗೆಯೇ, 'ಮುಂದಿನ ಸಲ ಇದರ ಬದಲು ನೆಕ್ಸ್ಟ್ ಅನ್ನೋ ಹೊಸ ಪರೀಕ್ಷೆ ಬಂದುಬಿಡುತ್ತೆ, ಇದೇ ಕೊನೆ ಅವಕಾಶ' ಅಂತ ಹೆದರಿಸಿ ಕೋರ್ಸ್ ಮಾರುವವರ ಮಾತನ್ನೂ ಕೇಳಬೇಡ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಬಂದಾಗಿನಿಂದ ಆ ಮಾತು ಕೇಳುತ್ತಿದ್ದೇವೆ. ನೀನು ಹೊಸ ನಿಯಮ ಬಂದ 2021ರ ನವೆಂಬರ್ 18ಕ್ಕಿಂತ ಮೊದಲೇ ಓದಲು ಸೇರಿದವಳು, ನಿನಗೆ ಹಳೆಯ 2002ರ ನಿಯಮ. ಅದರಲ್ಲಿ ಇಷ್ಟೇ ಸಲ ಬರೆಯಬೇಕು ಅಂತ ಇಲ್ಲ.

'ಇನ್ನೂ ಪಾಸಾಗ್ಲಿಲ್ವಾ' ಅನ್ನುವ ಪ್ರಶ್ನೆಗೆ ಬರೋಣ. ನಿನ್ನ ಪತ್ರದಲ್ಲಿ ಅತಿ ಹೆಚ್ಚು ನೋವಿರುವ ಸಾಲು ಅದೇ. ದೆಹಲಿ ಬೇಕು ಅನ್ನಿಸಿರುವುದೂ ಅದರಿಂದಲೇ ಅಂತ ನನ್ನ ಊಹೆ. ನನಗೂ ಹಾಗೇ ಆಗಿತ್ತು. ಊರವರಿಗೆ ಈ ಪರೀಕ್ಷೆ ಏನು ಅಂತ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಆರು ವರ್ಷ ಓದಿ ಬಂದ ಮೇಲೆ ಡಾಕ್ಟರೇ. ಅವರಿಗೆ ವಿವರಿಸುವ ಕೆಲಸ ನೀನು ಮಾಡಬೇಡ, ಅಮ್ಮನಿಗೆ ಬಿಡು. 'ಸರ್ಕಾರದ ಲೈಸೆನ್ಸ್ ಪರೀಕ್ಷೆ ಐತೆ, ಮೈಸೂರಲ್ಲಿ ಓದ್ತಾವ್ಳೆ' ಅಂತ ಅಮ್ಮ ಒಂದೇ ಮಾತು ಹೇಳಲಿ, ಎಲ್ಲರಿಗೂ ಅದನ್ನೇ ಹೇಳಲಿ. ನಮ್ಮಮ್ಮ ಹಾಗೆ ಹೇಳಲು ಶುರುಮಾಡಿದ ಮೇಲೆ ಕೇಳುವವರು ಕಡಿಮೆಯಾದರು. ಮದುವೆ ಮಾತು ಎತ್ತುವವರಿಗೂ ಪರೀಕ್ಷೆಯ ದಿನಾಂಕ ಹೇಳಿ, ಆಮೇಲೆ ನೋಡೋಣ ಅನ್ನಲಿ. ಅಮ್ಮನ ಹತ್ತಿರ ಇದನ್ನು ಕೂತು ಮಾತಾಡು. ಅವರೂ ಒಳಗೊಳಗೇ ಬೇಯುತ್ತಿರುತ್ತಾರೆ.

ರಾತ್ರಿ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಅದನ್ನು ಪರೀಕ್ಷೆಯ ಭಯ ಅಂತ ತಳ್ಳಿಹಾಕಬೇಡ. ಆಸ್ಪತ್ರೆಗೆ ಹೋಗು, ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮುಕ್ಕಾಲು ಗಂಟೆ ನಡಿ, ಒಬ್ಬಳೇ ಆದರೂ ಸರಿ. ಪುಸ್ತಕ, ಇಯರ್‌ಫೋನ್ ಬೇಡ.

ದಸರಾ ನಿನ್ನ ಓದಿನ ನಡುವೆ ಬಂದರೆ ಆ ಹತ್ತು ದಿನ ಊರಿಗೆ ಹೋಗಿಬಿಡುವುದು ಒಳ್ಳೆಯದು. ದೀಪ ನೋಡಲು ನೆಂಟರೆಲ್ಲ ನಿನ್ನ ಪಿಜಿಗೇ ಬರುತ್ತಾರೆ. ಹೋಗುವಾಗ ಪಿಎಸ್‌ಎಂ, ಫೊರೆನ್ಸಿಕ್ ನೋಟ್ಸ್ ಮಾತ್ರ ತಗೊಂಡು ಹೋಗು.

ದುಡ್ಡಿನ ವಿಷಯವನ್ನು ಅಪ್ಪನ ಜೊತೆ ಒಂದು ಹಾಳೆಯ ಮೇಲೆ ಬರೆದು ಮಾತಾಡು. ಪಿಜಿ ಎಂಟು ಸಾವಿರ, ರೀಡಿಂಗ್ ರೂಮು, ಓಡಾಟ, ಕೈಖರ್ಚು ಎಲ್ಲಾ ಸೇರಿ ಹನ್ನೆರಡು ಸಾವಿರ ಹಿಡಿದರೂ ಆರು ತಿಂಗಳಿಗೆ 72 ಸಾವಿರ. ಅದರ ಮೇಲೆ ಟೆಸ್ಟ್ ಸೀರೀಸ್, ಪರೀಕ್ಷೆ ಫೀಸು, ಅಡ್ವಾನ್ಸ್. ಮೂರು ಲಕ್ಷದ ಅರ್ಧವೂ ಆಗುವುದಿಲ್ಲ. ಅಪ್ಪ ಅಡವಿಡ್ತೀನಿ ಅನ್ನುವುದು ಪ್ರೀತಿಯಿಂದ. ಆದರೆ ಆ ಎಕರೆ ಓದುವ ಮೇಜಿನ ಮೇಲೆ ನಿನ್ನ ಎದುರಿಗೇ ಬಂದು ಕೂರುತ್ತೆ, ಒಂದೊಂದು ತಪ್ಪು ಉತ್ತರಕ್ಕೂ ಗದ್ದೆ ನೆನಪಾಗುತ್ತೆ. ನಮ್ಮಪ್ಪ ನನ್ನ ದೆಹಲಿ ಖರ್ಚಿಗೆ ಎರಡು ಹಸು ಮಾರಿದ್ದರು. ಪ್ರತಿ ಟೆಸ್ಟಿನಲ್ಲೂ ಆ ಹಸುಗಳು ಕಣ್ಣಮುಂದೆ ಬಂದು ನಿಲ್ಲುತ್ತಿದ್ದವು. ಅಪ್ಪನಿಗೆ ಈ ಉತ್ತರ ಓದಿ ಹೇಳು.

ಕೊನೆಗೆ ಕಾಗದಪತ್ರ. ಇದನ್ನು ಪರೀಕ್ಷೆ ಆದ ಮೇಲೆ ನೋಡ್ಕೋತೀನಿ ಅನ್ನಬೇಡ, ಪಾಸಾದ ಮೇಲೂ ತಿಂಗಳುಗಟ್ಟಲೆ ನಿಂತುಹೋದವರಿದ್ದಾರೆ. ಡಿಗ್ರಿಗೆ ಅಪಾಸ್ಟಿಲ್ (ಹೊರದೇಶದಲ್ಲೂ ನಡೆಯುವಂತೆ ಕೊಡುವ ಸರ್ಕಾರಿ ದೃಢೀಕರಣ ಮುದ್ರೆ) ಅಥವಾ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಆಗಿದೆಯಾ ನೋಡು. ಹೋದ ಬಂದ ಮುದ್ರೆಗಳಿರುವ ಹಳೆಯ ಪಾಸ್‌ಪೋರ್ಟ್ ಜೋಪಾನ, ಅವಧಿ ಮುಗಿದಿದ್ದರೂ ಎಸೆಯಬೇಡ. ಕೋವಿಡ್ ಕಾಲದಲ್ಲಿ ಊರಲ್ಲಿ ಕೂತು ಆನ್‌ಲೈನ್ ಪಾಠ ಕೇಳಿದ್ದರೆ, ಆಮೇಲೆ ನೇರ ತರಗತಿಯಲ್ಲಿ ಅದನ್ನು ಭರ್ತಿ ಮಾಡಿಸಿದ ಬಗ್ಗೆ ನಿನ್ನ ವಿಶ್ವವಿದ್ಯಾಲಯದಿಂದ ಪತ್ರ ಬೇಕಾಗುತ್ತೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಆಗದೆ ಇಂಟರ್ನ್‌ಶಿಪ್ ಶುರುವಾಗುವುದಿಲ್ಲ. ಆ ಪತ್ರಕ್ಕೆ ಇವತ್ತೇ ಇಮೇಲ್ ಕಳಿಸು, ಅಲ್ಲಿಂದ ಉತ್ತರ ಬರಲು ಎಷ್ಟು ದಿನ ಹಿಡಿಯುತ್ತೆ ಅಂತ ಅಲ್ಲಿ ಓದಿದ ನಿನಗೆ ಹೇಳಬೇಕಿಲ್ಲ. ಪಿಜಿ ನೋಡಲು ಬರುವ ದಿನ ಅಪ್ಪನನ್ನೂ ಕರೆದುಕೊಂಡು ಬಾ, ಗ್ರ್ಯಾಂಡ್ ಟೆಸ್ಟ್‌ನ ತಪ್ಪುಗಳ ಪಟ್ಟಿಯನ್ನೂ ತಗೊಂಡು ಬಾ. ಭಾನುವಾರವಾದರೆ ಮಧ್ಯಾಹ್ನ ಮೂರರ ಮೇಲೆ ನಾನು ಬಿಡುವಾಗಿರುತ್ತೇನೆ.